ಪ್ರತಿಕ್ರಿಯೆ: ಸಕುರಾಬಾ ಗ್ರೇಸಿಗಳನ್ನು ಸೋಲಿಸಿದ್ದು ಹೇಗೆ?

ಪ್ರೊ ರೆಸ್ಲಿಂಗ್‌ನಲ್ಲಿ ಗೆಲ್ಲೋದು ಯಾರು ಅಂತ ಮೊದಲೇ ನಿಗದಿ, ಹಾಗಿದ್ದರೆ ಜಪಾನಿನ ಪ್ರೊ ರೆಸ್ಲರ್ ಕಜುಶಿ ಸಕುರಾಬಾ ನಿಜವಾದ ಫೈಟ್‌ನಲ್ಲಿ ಬ್ರೆಜಿಲಿನ ಜಿಯು-ಜಿಟ್ಸು (ಹಿಡಿದು ಮಣಿಸುವ ಸಮರಕಲೆ) ಕುಟುಂಬವಾದ ಗ್ರೇಸಿಗಳನ್ನು ಹೇಗೆ ಸೋಲಿಸಿದರು ಅಂತ ಕೇಳಿದ್ದೀರಿ. ಫಲಿತಾಂಶ ನಿಗದಿ ನಿಜ, ಆದರೆ ತಾಲೀಮು ಸುಳ್ಳಲ್ಲ ಅಲ್ವಾ? ಸಕುರಾಬಾ ಕಾಲೇಜಿನಲ್ಲೇ ಕುಸ್ತಿಪಟು. ಆಮೇಲೆ ಯುಡಬ್ಲ್ಯುಎಫ್‌ಐ ಅನ್ನೋ ಜಪಾನಿನ ಪ್ರೊ ರೆಸ್ಲಿಂಗ್ ಸಂಸ್ಥೆ ಸೇರಿ ಬಿಲ್ಲಿ ರಾಬಿನ್ಸನ್ ಹತ್ತಿರ ಕ್ಯಾಚ್ ರೆಸ್ಲಿಂಗ್ (ಕೀಲು ತಿರುಚಿ ಎದುರಾಳಿಯನ್ನು ಸೋಲೊಪ್ಪಿಸುವ ಕುಸ್ತಿ) ಕಲಿತರು. 1999ರಲ್ಲಿ ರಾಯ್ಲರ್, 2000ದಲ್ಲಿ ರೆಂಜೊ, ಇಬ್ಬರೂ ಸಿಕ್ಕಿಬಿದ್ದದ್ದು ತೋಳು ತಿರುಚುವ ಒಂದೇ ಪಟ್ಟಿಗೆ. ರೆಂಜೊ ಅಂತೂ ಮೊಣಕೈ ಕೀಲು ತಪ್ಪಿದರೂ ಟ್ಯಾಪ್ ಮಾಡಲಿಲ್ಲ, ಅಂದರೆ ಕೈ ತಟ್ಟಿ ಸೋಲೊಪ್ಪಲಿಲ್ಲ!

ನೀವು ನೋಡಲೇಬೇಕಾದದ್ದು 2000ದ ಮೇ 1ರಂದು ಟೋಕಿಯೊ ಡೋಮ್‌ನಲ್ಲಿ ರಾಯ್ಸ್ ಎದುರು ನಡೆದ ಪಂದ್ಯ. 15 ನಿಮಿಷದ 6 ಸುತ್ತು, ಒಟ್ಟು 90 ನಿಮಿಷ. ಕಾಲಿಗೆ ಒದೆ ತಿಂದು ತಿಂದು ರಾಯ್ಸ್ ಮುಂದಿನ ಸುತ್ತಿಗೆ ಬರಲಾಗಲಿಲ್ಲ, ಅವರ ಕಡೆಯವರು ಸೋಲೊಪ್ಪಿ ಟವಲ್ ಎಸೆದರು. ಅದೇ ರಾತ್ರಿ ಸಕುರಾಬಾ ತಮಗಿಂತ ಜಾಸ್ತಿ ತೂಕದ ಇಗೊರ್ ವೊವ್ಚಾಂಚಿನ್ ಜೊತೆ ಇನ್ನೂ 15 ನಿಮಿಷ ಸೆಣಸಿದರು.