ಇಂಗ್ಲೆಂಡಿನಲ್ಲಿ ಮಗಳು ಎ ಲೆವೆಲ್‌ಗೆ (ನಮ್ಮ ಪಿಯುಸಿ ಹಂತದ ಓದು) ಫೋಟೋಗ್ರಫಿ ತಗೋತೀನಿ ಅಂತಾಳೆ. ಅದರಲ್ಲಿ ಓದುವುದು ಏನಿರುತ್ತೆ?

ತುಂಬಾ ಇರುತ್ತದೆ. ಸುಮ್ನೆ ಕ್ಯಾಮೆರಾ ಹಿಡಿದು ಓಡಾಡುವ ವಿಷಯ ಅಲ್ಲ. ಆರ್ಟ್ ಅಂಡ್ ಡಿಸೈನ್ ಅಡಿಯಲ್ಲಿ ಬರುವ ಪೂರ್ತಿ ಎರಡು ವರ್ಷದ ಎ ಲೆವೆಲ್ ಇದು. ಶೇ. 60 ಅಂಕ ಅವಳೇ ಆರಿಸಿಕೊಂಡ ಪ್ರಾಜೆಕ್ಟ್‌ಗೆ, ಉಳಿದ 40 ಪರೀಕ್ಷಾ ಬೋರ್ಡ್ ಕೊಡುವ ವಿಷಯದ ಮೇಲೆ ಮಾಡುವ ಕೆಲಸಕ್ಕೆ. ಈ ಎರಡನೆಯದಕ್ಕೆ ವಾರಗಟ್ಟಲೆ ತಯಾರಿ ಮಾಡಿ, ಕೊನೆಗೆ ಶಾಲೆಯಲ್ಲೇ ಶಿಕ್ಷಕರ ಕಣ್ಣೆದುರು 15 ಗಂಟೆ ಕೆಲಸ ಮಾಡಬೇಕು. ಬರವಣಿಗೆಯೂ ಇದೆ: ಎಕ್ಯೂಎ ಅನ್ನುವ ಬೋರ್ಡಿನಲ್ಲಿ ಪ್ರಾಜೆಕ್ಟ್ ಜೊತೆ 1000ದಿಂದ 3000 ಪದ.

ಮುಖ್ಯ ವಿಷಯ ಏನೆಂದರೆ, ಕೊನೆಯ ಚಂದದ ಫೋಟೋ ಒಂದಕ್ಕೇ ಅಂಕ ಬರುವುದಿಲ್ಲ. ಅಲ್ಲಿಗೆ ಹೇಗೆ ತಲುಪಿದಳು ಅನ್ನುವುದಕ್ಕೂ ಬರುತ್ತದೆ. ಅಜ್ಜಿ ಅಡುಗೆಮನೆ ಕಿಟಕಿ ಪಕ್ಕ ಹುರುಳಿಕಾಯಿ ಬಿಡಿಸುತ್ತಿದ್ದಾರೆ ಅನ್ನಿ. ಲೆನ್ಸಿನ ಕಿಂಡಿ ಅಗಲವಾಗಿ ತೆರೆದು, ಅಂದರೆ ಎಫ್/2.8ರಲ್ಲಿ ತೆಗೆದರೆ ಬೆರಳು ಮಾತ್ರ ಸ್ಪಷ್ಟ, ಹಿಂದಿನದೆಲ್ಲ ಮಸುಕು. ಕಿಂಡಿ ಕಿರಿದು ಮಾಡಿ ಎಫ್/11ಕ್ಕೆ ಹೋದರೆ ಹಿಂದಿನ ಪಾತ್ರೆಗಳೂ ಕಾಣುತ್ತವೆ, ಆದರೆ ಬೆಳಕು ಸಾಲದೆ ಶಟರ್ ನಿಧಾನವಾಗಿ ಕೈ ಅಲುಗಿದಂತೆ ಬರುತ್ತದೆ. ಎರಡನ್ನೂ ಪ್ರಾಜೆಕ್ಟ್ ಪುಸ್ತಕದಲ್ಲಿ ಅಂಟಿಸಿ, ಯಾವುದನ್ನು ಉಳಿಸಿಕೊಂಡೆ, ಯಾಕೆ ಅಂತ ಪಕ್ಕದಲ್ಲಿ ಬರೆಯಬೇಕು. ಕೆಟ್ಟು ಹೋದ ಫೋಟೋವನ್ನೂ ಅಳಿಸಬಾರದು. ಈ ಅಭ್ಯಾಸ ಇಲ್ಲದ ಜಾಣ ಮಕ್ಕಳಿಗೂ ಅಂಕ ಕಡಿಮೆ ಬೀಳುತ್ತದೆ.

ದುಬಾರಿ ಕ್ಯಾಮೆರಾ ಈಗಲೇ ಕೊಳ್ಳಬೇಡಿ, ಶಾಲೆಯಲ್ಲಿ ಎರವಲು ಸಿಗುತ್ತದಾ ಕೇಳಿ. ಮುಂದೆ ಇಂಜಿನಿಯರಿಂಗ್ ಅಥವಾ ಮೆಡಿಕಲ್ ಯೋಚನೆ ಇದ್ದರೆ, ಆ ಯೂನಿವರ್ಸಿಟಿ ಎ ಲೆವೆಲ್‌ನಲ್ಲಿ ಯಾವ ವಿಷಯಗಳನ್ನು ಕೇಳುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಅಡ್ಡಿ ಇಲ್ಲದಿದ್ದರೆ ಖುಷಿಯಿಂದ ಸೇರಿಸಿ.