ಅರವತ್ತರ ಆಸುಪಾಸಿನಲ್ಲಿ ಬೈಕ್ ಸವಾರಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನಗೆ 63. ಕಾಲೇಜಿನ ಕಾಲದಿಂದ ಯೆಜ್ಡಿ ಓಡಿಸಿದವನು. ನಡುವೆ ಹನ್ನೆರಡು ವರ್ಷ ಬರೀ ಕಾರು. ನಿವೃತ್ತಿಯಾದ ಮೇಲೆ 350 ಸಿಸಿ ಬೈಕು ಕೊಂಡೆ. ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಆದರೆ ಮನೆ ಮುಂದೆ ತಿರುಗಿಸುವಾಗ ಎರಡು ಸಲ ಗಾಡಿ ಕೈತಪ್ಪಿ ಬಿತ್ತು. ಮನೆಯಲ್ಲಿ ‘ಮಾರಿಬಿಡಿ’ ಎನ್ನುತ್ತಿದ್ದಾರೆ. (ಮೈಸೂರು)

ಉತ್ತರ: ಈ ಕಾರಣಕ್ಕೆ ಮಾರಬೇಕಿಲ್ಲ. ಎರಡು ಸಲವೂ ಬಿದ್ದದ್ದು ನಡಿಗೆಯ ವೇಗದಲ್ಲಿ, ಹ್ಯಾಂಡಲ್ ತಿರುಗಿರುವಾಗ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಒತ್ತಿದರೆ ಮುಂಭಾಗ ಕುಸಿದು ಗಾಡಿ ತಿರುಗಿದ ಕಡೆಗೇ ವಾಲುತ್ತದೆ. ಯೆಜ್ಡಿ 140 ಕೆಜಿ ಆಸುಪಾಸು. ಈಗಿನ 350 ಸಿಸಿ ಬೈಕುಗಳು 180ರಿಂದ 195 ಕೆಜಿ. ಮೂವತ್ತರ ವಯಸ್ಸಿನಲ್ಲಿಯೂ ನೀವು ಇದೇ ತಪ್ಪು ಮಾಡಿರುತ್ತೀರಿ. ಆಗ ತೊಡೆಯ ಬಲ ಅದನ್ನು ಮುಚ್ಚಿಹಾಕುತ್ತಿತ್ತು. ಈಗ ಬಲ ಕಡಿಮೆಯಾಗಿದೆ, ಗಾಡಿಯ ತೂಕ ಹೆಚ್ಚಾಗಿದೆ, ತಪ್ಪು ಹೊರಗೆ ಕಾಣುತ್ತಿದೆ. ಹಾಗಾಗಿ ತಿದ್ದಬೇಕಾದದ್ದು ರೂಢಿಯನ್ನು.

10 ಕಿಮೀಗಿಂತ ಕಡಿಮೆ ವೇಗದಲ್ಲಿ ಬಲಗೈಯ ಬೆರಳುಗಳನ್ನು ಮುಂದಿನ ಬ್ರೇಕಿನಿಂದ ಪೂರ್ತಿ ತೆಗೆದುಬಿಡಿ. ಹಾಫ್ ಕ್ಲಚ್‌ನಲ್ಲಿ ಸ್ವಲ್ಪ ರೇಸ್ ಕೊಟ್ಟು, ಹಿಂದಿನ ಬ್ರೇಕನ್ನು ತುಸುವೇ ಒತ್ತಿ ಹಿಡಿದು ತಿರುಗಿಸಿ. ಎಂಜಿನ್ ಮುಂದಕ್ಕೆ ಎಳೆಯುತ್ತದೆ, ಬ್ರೇಕ್ ತಡೆಯುತ್ತದೆ, ಆ ಬಿಗಿಯಲ್ಲಿ ಗಾಡಿ ನೆಟ್ಟಗೆ ನಿಲ್ಲುತ್ತದೆ. ಕಣ್ಣು ಹೋಗಬೇಕಾದ ಕಡೆಗಿರಲಿ, ಮುಂದಿನ ಚಕ್ರದ ಮೇಲಲ್ಲ. ನಿಲ್ಲಿಸುವ ಮುನ್ನ ಹ್ಯಾಂಡಲ್ ನೇರ ಮಾಡಿ, ಆಮೇಲೆ ಎಡಗಾಲು ಕೆಳಗೆ. ಬಲಗಾಲು ಬ್ರೇಕಿನ ಮೇಲೇ ಇರಲಿ. ಖಾಲಿ ಮೈದಾನದಲ್ಲಿ ನಾಲ್ಕು ಇಟ್ಟಿಗೆ ಇಟ್ಟು, ಮೊದಲು 8 ಮೀಟರ್ ಅಗಲದ ಸುತ್ತು, ಅದು ಸಲೀಸಾದ ಮೇಲೆ 6 ಮೀಟರ್. ದಿನಕ್ಕೆ 20 ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ಕ್ಲಚ್ ಹಿಡಿಯುವ ಕೈ ಸೋತು ಮತ್ತೆ ತಪ್ಪು ಶುರುವಾಗುತ್ತದೆ.

ಸೀಟಿನ ಎತ್ತರವನ್ನೂ ನೋಡಿ. ಎರಡೂ ಪಾದಗಳ ಮುಂಭಾಗ ನೆಲಕ್ಕೆ ಗಟ್ಟಿಯಾಗಿ ಊರಬೇಕು. ಊರದಿದ್ದರೆ ಸೀಟು ಹೊಲಿಯುವವರ ಹತ್ತಿರ ಫೋಮ್ 20 ಮಿಮೀ ತೆಗೆಸಿ, ಅದಕ್ಕಿಂತ ಹೆಚ್ಚು ಬೇಡ. ಸೀಟು ತಗ್ಗಿದಷ್ಟೂ ಮಂಡಿ ಮಡಚಿಕೊಳ್ಳುತ್ತದೆ, ನೂರು ಕಿಲೋಮೀಟರ್ ದಾಟುವಷ್ಟರಲ್ಲಿ ನೋವು ಶುರುವಾಗುತ್ತದೆ. ಗಾಡಿಯನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಬೇಡಿ. ಹಿಂದಕ್ಕೆ ಎಳೆಯುವಾಗಲೇ ಸೊಂಟ ಹಿಡಿದುಕೊಳ್ಳುವುದು.

ಮತ್ತೆ ಬಿದ್ದರೆ ಹ್ಯಾಂಡಲ್ ಹಿಡಿದು ಜಗ್ಗಿ ಎತ್ತಬೇಡಿ. ಎಂಜಿನ್ ಆಫ್ ಮಾಡಿ, ಗಾಡಿ ಮೊದಲ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಬಿಚ್ಚಿಡಿ, ಇಲ್ಲವಾದರೆ ಎತ್ತಿದ ಗಾಡಿ ಎಡಕ್ಕೆ ಉರುಳುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಆನಿಸಿ ಕುಳಿತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ತಳ್ಳಿ. ಕೆಲಸ ಕಾಲಿನದು, ಬೆನ್ನಿನದಲ್ಲ. ಬೆನ್ನುಮೂಳೆಯ ಡಿಸ್ಕ್ ತೊಂದರೆ ಇದ್ದವರು ಮಾತ್ರ ಇದನ್ನು ಮಾಡಲೇಬಾರದು. ದಾರಿಯಲ್ಲಿ ಹೋಗುವವರನ್ನು ಕರೆಯಿರಿ.

ಪ್ರಶ್ನೆ: 59 ವರ್ಷ. ಭಾನುವಾರ ಮಗನ ಗೆಳೆಯರ ಜೊತೆ ರೈಡ್ ಹೋಗುತ್ತೇನೆ. ಅವರು 90–100ರಲ್ಲಿ ಹೋಗುತ್ತಾರೆ. ಹಿಂದೆ ಬೀಳಬಾರದೆಂದು ನಾನೂ ಅಷ್ಟೇ ಓಡಿಸುತ್ತೇನೆ, ಮನೆಗೆ ಬಂದರೆ ಸುಸ್ತು. ಮೊದಲಿನ ಖುಷಿ ಉಳಿದಿಲ್ಲ. ಇನ್ನೊಂದು ವಿಷಯ: 25 ವರ್ಷ ಹಳೆ ಬುಲೆಟ್ ಓಡಿಸಿ ಈಗ ಹೊಸದಕ್ಕೆ ಬಂದಿದ್ದೇನೆ. ಮೊನ್ನೆ ನಾಯಿ ಅಡ್ಡ ಬಂದಾಗ ಬ್ರೇಕಿಗೆಂದು ಎಡಗಾಲು ಒತ್ತಿಬಿಟ್ಟೆ. (ದಾವಣಗೆರೆ)

ಉತ್ತರ: ಎರಡನೆಯದೇ ಹೆಚ್ಚು ಗಂಭೀರ, ಅದನ್ನು ಮೊದಲು ನೋಡೋಣ. ಹಳೆಯ ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್‌ನಲ್ಲಿ ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಮೊದಲ ಗೇರಿಗೆ ಮೇಲೆತ್ತಬೇಕು. ಹೊಸದರಲ್ಲಿ ಎಲ್ಲವೂ ತದ್ವಿರುದ್ಧ. ನೆಮ್ಮದಿಯಾಗಿ ಓಡಿಸುವಾಗ ಕಾಲು ಹೊಸ ಪಾಠ ಹೇಳುತ್ತದೆ, ಗಾಬರಿಯಲ್ಲಿ ಹಳೆಯದು ಮೇಲೆ ಬರುತ್ತದೆ. ಕಾಲಿನ ರೂಢಿ ಬದಲಾಗಲು ತಿಂಗಳುಗಟ್ಟಲೆ ಬೇಕು, ಅಲ್ಲಿಯವರೆಗೆ ತುರ್ತಿನಲ್ಲಿ ಬಲಗೈಯನ್ನು ನೆಚ್ಚಿಕೊಳ್ಳಿ. ಮುಂದಿನ ಬ್ರೇಕ್ ಎರಡೂ ಗಾಡಿಗಳಲ್ಲಿ ಒಂದೇ ಕಡೆ ಇದೆ. ಹಳೆಯ ಡ್ರಮ್ ಬ್ರೇಕಿನ ಕಾಲದವರಿಗೆ ಮುಂದಿನ ಬ್ರೇಕ್ ಎಂದರೆ ಒಂದೋ ಅಪನಂಬಿಕೆ, ಇಲ್ಲವೇ ಭಯ. ಆದರೆ ಬ್ರೇಕ್ ಹಾಕಿದೊಡನೆ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಗಾಡಿ ನಿಲ್ಲುವುದು ಹೆಚ್ಚಾಗಿ ಅದರಿಂದಲೇ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, 40ರಿಂದ ಪೂರ್ತಿ ನಿಲ್ಲಿಸುವ ಅಭ್ಯಾಸ ಮಾಡಿ. ಪ್ರತಿ ಸವಾರಿಗೆ ಐದು ಸಲ, ಒಂದು ತಿಂಗಳು. ಲಿವರನ್ನು ಥಟ್ಟನೆ ಹಿಸುಕಬೇಡಿ, ಮೊದಲು ಮೆಲ್ಲಗೆ, ಮರುಕ್ಷಣ ಬಿಗಿಯಾಗಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇದ್ದರೆ ಲಿವರ್ ಕೈಯಲ್ಲಿ ಅದುರುತ್ತದೆ. ಅದು ಕೆಟ್ಟಿರುವ ಗುರುತಲ್ಲ, ಬಿಡಬೇಡಿ.

ಇನ್ನು ವೇಗ. ಅಪಾಯ ಕಂಡು ಬ್ರೇಕ್ ಹಿಡಿಯಲು ಚುರುಕಾದ ಸವಾರನಿಗೆ ಒಂದು ಸೆಕೆಂಡು ಎಂದಿಟ್ಟುಕೊಳ್ಳಿ. ವಯಸ್ಸು, ದಣಿವು ಸೇರಿ ಅದು ಒಂದೂವರೆಯಾದರೆ 60ರಲ್ಲಿ 8 ಮೀಟರ್, 100ರಲ್ಲಿ ಸುಮಾರು 14 ಮೀಟರ್ ಹೆಚ್ಚಿಗೆ ಹೋಗಿರುತ್ತೀರಿ. ಆ 14 ಮೀಟರಿನಲ್ಲಿ ಗಾಡಿ ಇನ್ನೂ ಒಂದಿಷ್ಟೂ ನಿಧಾನವಾಗಿರುವುದಿಲ್ಲ. ಕೈ ಚುರುಕು ಮಾಡಿಕೊಳ್ಳಲಾಗದು, ಆದರೆ ಮುಂದಿನ ಗಾಡಿಗೆ ಮೂರು ಸೆಕೆಂಡು ಅಂತರ ಬಿಡಬಹುದು. ಅದು ಒಂದು ಮರ ದಾಟಿದೊಡನೆ ಎಣಿಸಲು ಶುರುಮಾಡಿ, ಮೂರು ಮುಗಿಯುವ ಮೊದಲು ನೀವು ಆ ಮರ ತಲುಪಬಾರದು. ಅನುಭವಿ ಸವಾರರ ನಿಜವಾದ ಬಲವೇ ಇದು: ಕಿರಾಣಿ ಅಂಗಡಿ ಮುಂದೆ ನಿಂತ ಆಟೋ ಯಾವಾಗ ಹೊರಡುತ್ತದೆ ಎಂಬುದನ್ನು ಹುಡುಗರಿಗಿಂತ ಮೊದಲೇ ಊಹಿಸುತ್ತಾರೆ. ಗುಂಪಿನ ವೇಗಕ್ಕೆ ಜೋತುಬಿದ್ದರೆ ಕಣ್ಣೆಲ್ಲ ಮುಂದಿನವನ ಟೇಲ್ ಲ್ಯಾಂಪಿನ ಮೇಲೆ, ಆ ಬಲ ವ್ಯರ್ಥ. ಖುಷಿ ಕಳೆದುಹೋಗಿರುವುದೂ ಅಲ್ಲಿಯೇ ಎಂದು ನಮ್ಮ ಅನಿಸಿಕೆ.

200 ಕಿಮೀ ದಾರಿಗೆ ಸರಾಸರಿ 80ರಲ್ಲಿ ಎರಡೂವರೆ ಗಂಟೆ, 60ರಲ್ಲಿ ಮೂರು ಗಂಟೆ 20 ನಿಮಿಷ. ವ್ಯತ್ಯಾಸ ಐವತ್ತೇ ನಿಮಿಷ. ಅವರಿಗಿಂತ ಐವತ್ತು ನಿಮಿಷ ಮುಂಚೆ ಹೊರಡಿ, ತಿಂಡಿಯ ಹೋಟೆಲಿನಲ್ಲಿ ಸೇರಿಕೊಳ್ಳಿ. ಹೆದ್ದಾರಿ ಬಿಟ್ಟು ಊರೊಳಗಿನ ರಸ್ತೆ ಹಿಡಿದರೆ 50–60ರ ವೇಗವೇ ಹದ. ಬೆರಳು ಜೋಮು ಹಿಡಿಯುತ್ತಿದ್ದರೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿದ್ದೀರಿ ಎಂದರ್ಥ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿದು ಕೈ ಸಡಿಲ ಬಿಡಿ. ಬೆನ್ನು ಬಗ್ಗುತ್ತಿದ್ದರೆ ಹ್ಯಾಂಡಲನ್ನು 20–30 ಮಿಮೀ ಎತ್ತರಿಸುವ ರೈಸರ್ ಹಾಕಿಸಬಹುದು, ಹಾಕಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಕೇಬಲ್ ಎಳೆಯುತ್ತಿಲ್ಲವೇ ಎಂದು ನೋಡಿ.

ಪ್ರಶ್ನೆ: 57 ವರ್ಷ, ಶಾಲಾ ಶಿಕ್ಷಕಿ, ಸ್ಕೂಟರ್ ಓಡಿಸುತ್ತೇನೆ. ಸಂಜೆ ಮೇಲೆ ಎದುರಿನ ಬೆಳಕಿಗೆ ಏನೂ ಕಾಣುವುದಿಲ್ಲ. ಕನ್ನಡಕ ಹೋದ ವರ್ಷವಷ್ಟೇ ಬದಲಿಸಿದೆ. (ಹುಬ್ಬಳ್ಳಿ)

ಉತ್ತರ: ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲಿಯೂ ಮೊದಲಿನಷ್ಟು ಅರಳುವುದಿಲ್ಲ, ಮಸೂರ ಮಸುಕಾಗಿ ಬೆಳಕನ್ನು ಚದುರಿಸುತ್ತದೆ. ದೀಪದ ಸುತ್ತ ಪ್ರಭೆ ಕಾಣುತ್ತಿದ್ದರೆ ಪೊರೆ ಶುರುವಾಗಿರಬಹುದು. ಕನ್ನಡಕದ ಅಂಗಡಿಗಲ್ಲ, ಕಣ್ಣಿನ ವೈದ್ಯರ ಹತ್ತಿರ ಹೋಗಿ. ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ, ಆ ದಿನ ಸ್ಕೂಟರ್ ಒಯ್ಯಬೇಡಿ. ನಿಮ್ಮದು ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕವೇ? ಅದರ ಕೆಳಭಾಗ ಓದಲಿಕ್ಕೆ. ಕಾಲೂರುವ ನೆಲ ಅದರಲ್ಲಿ ಮಸುಕು ಕಾಣುತ್ತದೆ. ಸವಾರಿಗೆಂದೇ ದೂರದೃಷ್ಟಿಯ ಇನ್ನೊಂದು ಜೊತೆ, ಪ್ರತಿಫಲನ ತಡೆಯುವ ಲೇಪನದ್ದು, ಮಾಡಿಸಿಕೊಳ್ಳಿ. ಹೆಲ್ಮೆಟ್ಟಿನ ಗಾಜನ್ನು ಬಲ್ಬಿನ ಮುಂದೆ ಹಿಡಿದು ನೋಡಿ, ಗೀರುಗಳು ನಕ್ಷತ್ರದಂತೆ ಮಿನುಗಿದರೆ ಇಂದೇ ಬದಲಿಸಿ. ಖರ್ಚು ಕಡಿಮೆ, ಎದ್ದು ಕಾಣುವ ಲಾಭ ಇದರಲ್ಲೇ. ಹಳದಿ, ಕಪ್ಪು ಗಾಜು ರಾತ್ರಿಗೆ ಬೇಡ. ಎದುರು ಬೆಳಕು ಬಂದಾಗ ರಸ್ತೆಯ ಎಡ ಅಂಚನ್ನು ನೋಡಿ, ವೇಗ 40ರೊಳಗಿರಲಿ.

ಪ್ರಶ್ನೆ: 66 ವರ್ಷ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಜೊತೆಗೆ ಬಿಪಿ ಮಾತ್ರೆ. ಆಗುಂಬೆ ಘಾಟಿ ಇಳಿದು ಸೋಮೇಶ್ವರಕ್ಕೆ ಬೈಕಿನಲ್ಲಿ ಹೋಗುವ ಆಸೆ. (ಶಿವಮೊಗ್ಗ)

ಉತ್ತರ: ಮೊದಲು ನಿಮ್ಮ ವೈದ್ಯರನ್ನು ಕೇಳಿ. ಗ್ಲಿಮೆಪಿರೈಡ್ ಸಕ್ಕರೆಯನ್ನು ತೀರಾ ಇಳಿಸಬಲ್ಲದು. ಬಿಪಿ ಮಾತ್ರೆ ಬೀಟಾ ಬ್ಲಾಕರ್ (ಎದೆಬಡಿತ ತಗ್ಗಿಸುವ ಬಗೆಯದು) ಆಗಿದ್ದರೆ ಎಚ್ಚರಿಸುವ ನಡುಕ, ಎದೆಬಡಿತವೂ ಗೊತ್ತಾಗದೆ ಹೋಗಬಹುದು. ತಿಂಡಿ ತಿಂದೇ ಹೊರಡಿ. ಗ್ಲೂಕೋಮೀಟರಿನಲ್ಲಿ ಸಕ್ಕರೆ 90ಕ್ಕಿಂತ ಕಡಿಮೆ ಇದ್ದರೆ ಹೊರಡಬೇಡಿ, ದಾರಿಯಲ್ಲಿ ಎರಡು ಗಂಟೆಗೊಮ್ಮೆ ನೋಡಿ. ಬೆವರು, ಮಂಕು ಅನ್ನಿಸಿದರೆ ತಕ್ಷಣ ನಿಲ್ಲಿಸಿ ಮೂರು ಟೀ ಚಮಚ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಸಕ್ಕರೆ ಸರಿಹೋದ ಮೇಲೂ 45 ನಿಮಿಷ ಗಾಡಿ ಹತ್ತಬೇಡಿ, ಮಿದುಳು ಚೇತರಿಸಿಕೊಳ್ಳಲು ಅಷ್ಟು ಬೇಕು. ಶೀತಕ್ಕೆಂದು ಸೆಟಿರಿಜಿನ್ ನುಂಗಿದ ದಿನ ಸವಾರಿ ಬೇಡ. ಅಂಗಾಲು ಮರಗಟ್ಟಿದ್ದರೆ ಹಿಂದಿನ ಬ್ರೇಕ್ ಎಷ್ಟು ಒತ್ತಿದಿರಿ ಎಂಬುದೇ ತಿಳಿಯುವುದಿಲ್ಲ, ಹಾಗಿದ್ದವರು ಘಾಟಿಗೆ ಹೋಗದಿರುವುದು ಒಳ್ಳೆಯದು.

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಇಳಿಯುವಾಗ ಎರಡನೇ ಗೇರು, ತೀರಾ ಕಡಿದಾದಲ್ಲಿ ಒಂದನೇ ಗೇರು, ಎಂಜಿನ್ ತಡೆಯಲಿ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಹಾಸಿದ ಎಲೆಯ ಮೇಲೆ ಚಕ್ರ ಜಾರುತ್ತದೆ. ನವೆಂಬರ್‌ನಿಂದ ಫೆಬ್ರವರಿ ನಡುವೆ, ಮಂಜು ಕರಗಿದ ಮೇಲೆ ಹೋಗಿ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ, ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಯಿರಿ.

ಪ್ರಶ್ನೆ: ನನಗೆ 56. ಲೈಸೆನ್ಸ್ ಅವಧಿ ಕಳೆದ ತಿಂಗಳು ಮುಗಿಯಿತು. ಮತ್ತೆ ಟೆಸ್ಟ್ ಕೊಡಬೇಕೆ? (ಬೆಂಗಳೂರು)

ಉತ್ತರ: ಬೇಡ. ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಟೆಸ್ಟ್ ಇಲ್ಲ. 55 ದಾಟಿದವರಿಗೆ ನವೀಕರಣ ಐದು ವರ್ಷಕ್ಕೆ. ವೈದ್ಯರು ಸಹಿ ಮಾಡಿದ ಫಾರ್ಮ್ 1ಎ ಬೇಕು. ಸುಮ್ಮನೆ ಸಹಿ ಹಾಕಿಸಿಕೊಂಡು ಬರಬೇಡಿ, ಕಣ್ಣು, ಬಿಪಿ ನಿಜಕ್ಕೂ ಪರೀಕ್ಷಿಸುವಂತೆ ಕೇಳಿ. ನವೀಕರಣ ಕೈಗೆ ಬರುವವರೆಗೆ ಗಾಡಿ ಹೊರತೆಗೆಯಬೇಡಿ. ಅಷ್ಟರಲ್ಲಿ ಅಪಘಾತವಾದರೆ ವಿಮೆಯ ಹಣ ಸಿಗುವುದು ಕಷ್ಟ.