ಗೆಲಾಕ್ಸಿಯ ರೋಹಿತ ನಿಜವಾಗಿಯೂ ಬದಲಾಗಿದೆ ಎಂದು ಹೇಗೆ ಹೇಳುವುದು?

ನಿಮ್ಮ ಪ್ರಶ್ನೆ: ಒಂದೇ ಸೀಫರ್ಟ್ ಗೆಲಾಕ್ಸಿಯ (ಕೇಂದ್ರದ ಕಪ್ಪುಕುಳಿಯ ಸುತ್ತ ಪ್ರಖರವಾಗಿ ಹೊಳೆಯುವ ಗೆಲಾಕ್ಸಿ) ಎರಡು ರೋಹಿತಗಳು, ಅಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ದಾಖಲೆಗಳು, ಸ್ಲೋನ್ ಎಂಬ ಆಕಾಶ ಸರ್ವೆಯಲ್ಲಿ ಸಿಕ್ಕಿವೆ, 2003ರದೊಂದು, 2012ರದೊಂದು. ಎರಡೂ ಹೊಂದುತ್ತಿಲ್ಲ. ಗೆಲಾಕ್ಸಿಯೇ ಬದಲಾಗಿದೆ ಎನ್ನಬಹುದೇ?

ಲೆಕ್ಕಕ್ಕೆ ಇಳಿಯುವ ಮೊದಲು ಎರಡನ್ನೂ ಒಂದೇ ಅಳತೆಗೆ ತನ್ನಿ. ಗೆಲಾಕ್ಸಿಯ ಬೆಳಕನ್ನು ಉಪಕರಣಕ್ಕೆ ಒಯ್ಯುವ ಸ್ಲೋನ್‌ನ ಹಳೆಯ ಫೈಬರ್ (ಗಾಜಿನ ಎಳೆ) ಆಕಾಶದಲ್ಲಿ 3 ಆರ್ಕ್‌ಸೆಕೆಂಡ್ ಅಗಲ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ). ಆಮೇಲೆ ಬಂದ ಬಾಸ್ ಉಪಕರಣದ್ದು 2. ಹಳೆಯದರೊಳಗೆ ಸುತ್ತಲಿನ ನಕ್ಷತ್ರಗಳ ಬೆಳಕು ಹೆಚ್ಚು ಸೇರಿರುತ್ತದೆ. ಹತ್ತಿರದ ಗೆಲಾಕ್ಸಿಯಾದರೆ, ಅಲ್ಲಿ ಏನೂ ಆಗದಿದ್ದರೂ ರೋಹಿತ ಬೇರೆಯಾಗಿ ಕಾಣಲು ಇಷ್ಟೇ ಸಾಕು. ಹಾಗಾಗಿ ನಕ್ಷತ್ರಗಳ ಪಾಲನ್ನು ಅಂದಾಜಿಸಿ ಕಳೆಯಿರಿ. ನಂತರ ಆಮ್ಲಜನಕದ ಕಿರಿದಾದ ರೇಖೆ ಹಿಡಿಯಿರಿ. ಪುಸ್ತಕಗಳಲ್ಲಿ ಅದರ ತರಂಗಾಂತರ, ಗಾಳಿಯಲ್ಲಿ ಅಳೆದಂತೆ, 5007 ಆಂಗ್‌ಸ್ಟ್ರಾಮ್. ಸ್ಲೋನ್ ನಿರ್ವಾತದ ತರಂಗಾಂತರ ಕೊಡುವುದರಿಂದ, ಕೆಂಪು ಪಲ್ಲಟ (ಗೆಲಾಕ್ಸಿ ನಮ್ಮಿಂದ ದೂರ ಸರಿಯುವುದರಿಂದ ತರಂಗಾಂತರ ಹಿಗ್ಗುವುದು) ತೆಗೆದ ಮೇಲೆ 5008ರ ಬಳಿ ಹುಡುಕಿ. ಆ ಅನಿಲ ಕೇಂದ್ರದಿಂದ ಬಹುದೂರ ಹರಡಿದೆ, ಕೆಲವು ವರ್ಷಗಳಲ್ಲಿ ಅದರ ಹೊಳಪು ಬದಲಾಗುವುದಿಲ್ಲ. ಎರಡೂ ರೋಹಿತಗಳಲ್ಲಿ ಆ ರೇಖೆ ಸಮವಾಗುವಂತೆ ಗುಣಿಸಿ, ಆಮೇಲೆ ಕಳೆದು, ಉಳಿದದ್ದನ್ನು ಫೈಲಿನಲ್ಲೇ ಇರುವ ದೋಷದ ಅಂಕಣದೊಂದಿಗೆ ಹೋಲಿಸಿ. ಕಪ್ಪುಕುಳಿಯ ಹತ್ತಿರ ವೇಗವಾಗಿ ಸುತ್ತುವ ಅನಿಲದಿಂದ ಬರುವ ಹೈಡ್ರೋಜನ್ ಬೀಟಾದ ಅಗಲ ರೇಖೆ ಆಗಲೂ ಎದ್ದು ನಿಂತರೆ, ಗೆಲಾಕ್ಸಿಯೇ ಬದಲಾಗಿದೆ ಎಂದು ಧೈರ್ಯವಾಗಿ ಬರೆಯಿರಿ.

ಹತ್ತಾರು ರೋಹಿತಗಳು ಸಿಕ್ಕರಂತೂ ಪ್ರತಿ ತರಂಗಾಂತರಕ್ಕೂ ಸರಾಸರಿಯಿಂದ ವಿಚಲನೆ ತೆಗೆದು ನಕ್ಷೆ ಬಿಡಿಸಿ. ಬದಲಾಗದ ನಕ್ಷತ್ರಬೆಳಕು, ಆಮ್ಲಜನಕ ರೇಖೆ ಎಲ್ಲ ಅಳಿಸಿಹೋಗಿ, ಬದಲಾದದ್ದು ಮಾತ್ರ ಉಳಿಯುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಚಿತ್ರ ಅದು.

ಮುಂದಿನ ಹೆಜ್ಜೆ, ಕೇಂದ್ರದ ಬೆಳಕಿಗಿಂತ ಅಗಲ ರೇಖೆ ಎಷ್ಟು ವಿಳಂಬವಾಗಿ ಬದಲಾಗುತ್ತದೆ ಎಂದು ಅಳೆಯುವುದು. ನಮ್ಮ ಬಾಗಲಕೋಟೆ ಕಡೆ ಮಳೆಗಾಲದಲ್ಲಿ ಎಲ್ಲರ ಕಣ್ಣೂ ಆಲಮಟ್ಟಿಯ ಒಳಹರಿವಿನ ಮೇಲೆ: ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಇಲ್ಲಿ ನೀರು ಏರುವುದು ತಡವಾಗಿ, ಅದೂ ಏರಿಳಿತ ಸ್ವಲ್ಪ ಚಪ್ಪಟೆಯಾಗಿ. ಕಪ್ಪುಕುಳಿಯ ಸುತ್ತಲೂ ಹೀಗೆಯೇ. ಕೇಂದ್ರದ ಬೆಳಕು ಮೊದಲು ಏರುತ್ತದೆ, ಅಗಲ ರೇಖೆ ಆಮೇಲೆ. ಕಾಲಕ್ಕೆ ತಕ್ಕಂತೆ ಎರಡರ ಹೊಳಪಿನ ವಕ್ರರೇಖೆ ಬಿಡಿಸಿ, ಒಂದನ್ನು ಇನ್ನೊಂದರ ಮೇಲೆ ಸರಿಸುತ್ತ ಹೋಗಿ; ಎಲ್ಲಿ ಚೆನ್ನಾಗಿ ಕೂಡುತ್ತದೋ ಅದೇ ವಿಳಂಬ. ಎನ್‌ಜಿಸಿ 5548 ಎಂಬ ಸೀಫರ್ಟ್ ಗೆಲಾಕ್ಸಿಯಲ್ಲಿ 1988–89ರ ವೀಕ್ಷಣೆಯಿಂದ ಸಿಕ್ಕಿದ್ದು ಸುಮಾರು 20 ದಿನ. ಅಂದರೆ ಅಗಲ ರೇಖೆ ಹೊಮ್ಮಿಸುವ ಅನಿಲ ಇರುವುದು ಕೇಂದ್ರದಿಂದ ಬೆಳಕು 20 ದಿನ ಸಾಗುವಷ್ಟು ದೂರದಲ್ಲಿ.

ಒಂದು ಮಾತು ಮಾತ್ರ ಮರೆಯಬೇಡಿ. ಈ ಗೆಲಾಕ್ಸಿಗಳ ಹೊಳಪು ನಿಧಾನವಾಗಿ ಅಲೆಯುವಂಥದ್ದು. ಅಂಥ ಎರಡು ವಕ್ರರೇಖೆಗಳು ಸಂಬಂಧವೇ ಇಲ್ಲದಿದ್ದರೂ ಹೊಂದಿದಂತೆ ಕಾಣಬಹುದು. ಮಾಮೂಲಿ ಕೋಷ್ಟಕದ ಸಂಭವನೀಯತೆ ಇಲ್ಲಿ ನಡೆಯದು. ಅದೇ ಸ್ವಭಾವದ ಕೃತಕ ವಕ್ರರೇಖೆಗಳನ್ನು ಕಂಪ್ಯೂಟರಿನಲ್ಲಿ ಸಾವಿರಗಟ್ಟಲೆ ಹುಟ್ಟಿಸಿ, ನಿಮಗೆ ಸಿಕ್ಕಷ್ಟು ಹೊಂದಾಣಿಕೆ ಆಕಸ್ಮಿಕವಾಗಿ ಎಷ್ಟು ಸಲ ಬರುತ್ತದೆ ಎಂದು ಎಣಿಸಿ.